ಕಿಡ್ನಿ ಒಳಗೆ, ಅಕ್ಕ ಆಚೆಗೆ

ಹೊಂಬಾಳಮ್ಮ: ಕಿಡ್ನಿ ನಂದಲ್ವೇನೆ? ಅದು ಒಳಗಿರಬೌದು, ನಾನು ಬರಂಗಿಲ್ವಾ?

ನಾಗರತ್ನ: ಬರಂಗಿಲ್ಲ ಕಣತ್ಗೆ. ನೆಗ್ಡಿ ಆಗದೆ ನಿಮ್ಗೆ.

ಬೆಸಗರಹಳ್ಳಿಯ ತನ್ನ ಮನೆ ಹೊಸಿಲಿಗೆ ಅಡ್ಡ ನಿಂತ ನಾಗರತ್ನಳಿಗೆ ಈ ಪಾಪ ಬೇಕಿತ್ತೇ? ಗಂಡ ಲಿಂಗರಾಜುವಿಗೆ ಕಿಡ್ನಿ ಕೊಟ್ಟು ಉಳಿಸಿದ ಅವನ ಅಕ್ಕ ಹೊಳಲಿನಿಂದ ಬಸ್ಸು ಹತ್ತಿ ಬಂದಿದ್ದಾಳೆ. ಕೈಯಲ್ಲಿ ಅರಿಶಿನ, ಹರಳೆಣ್ಣೆ ಕಲಸಿದ ಬಟ್ಟಲು. ಲಿಂಗರಾಜುವಿನ ಹೊಟ್ಟೆಯ ಹೊಲಿಗೆಯ ಒಂದು ತುದಿ ಇನ್ನೂ ಬಾಯಿ ಬಿಟ್ಟುಕೊಂಡೇ ಇದೆ.

ಹೊಂಬಾಳಮ್ಮ: ಇಬ್ರಿಗೂ ಒಂದೇ ದಿನ ಕುಯ್ದ್ರು. ನಾನು ಇದ್ನೇ ಹಚ್ಚಿ, ಗಾಯ ಒಣಗಿ, ಕಳೆ ಕೀಳ್ತಾ ಇವ್ನಿ. ನೀನವನ ಒಟ್ಟೆಗೆ ಸರ್ಯಾಗಿ ಆಕ್ತಿಲ್ಲ.

ನಾಗರತ್ನ: ಆಕ್ತಿವ್ನಿ. ಅವರ ಮಾತ್ರೆ ಅಂಗವೆ. ಮೈ ಸಕ್ತಿನ ಬೇಕಂತ್ಲೇ ಕುಗ್ಗಿಸ್ತವೆ. ಗಾಯ ಮಾಯಾದು ನಿಧಾನ.

ಹೊಂಬಾಳಮ್ಮ: ಕುಗ್ಗಿಸಾಕೆ ಯಾರಾದ್ರೂ ಮಾತ್ರೆ ಕೊಟ್ಟಾರಾ?

ನಾಗರತ್ನ: ಕೊಡ್ದಿದ್ರೆ ಅವರ ಮೈ ನಿಮ್ ಕಿಡ್ನಿ ಮ್ಯಾಲೆ ಬೀಳ್ತದೆ. ಬ್ಯಾರೆಯವ್ರದು ಅಂತ ಸೇರಿಸ್ಕಳಲ್ಲ.

ಹೊಂಬಾಳಮ್ಮ ಬಟ್ಟಲು ಕೆಳಗಿಟ್ಟಳು. ಗಾಯದ ಮಾತು ಹೋಗಿ ಮನೆತನದ ಮಾತು ಬಂತು.

ಹೊಂಬಾಳಮ್ಮ: ಲೋ ಲಿಂಗ, ನಿನ್ನ ಸೊಂಟದ ಮ್ಯಾಲೆ ಎತ್ತಾಡ್ಸಿದೋಳು ನಾನು. ಬ್ಯಾರೆಯವಳೇನ್ಲಾ?

ಲಿಂಗರಾಜು (ಕಿಟಕಿಯಿಂದ): ನಾನಂದಿಲ್ಲ ಕಣಕ್ಕ. ನನ್ ಮೈ ಅಂತಾ ಐತೆ.

ಹೊಂಬಾಳಮ್ಮ: ಮೈ ಯಾರ್ದ್ಲಾ?

ಕಿಟಕಿ ಮೆಲ್ಲಗೆ ಮುಚ್ಚಿಕೊಂಡಿತು.

ನಾಗರತ್ನ: ನೋಡಿ ಅತ್ಗೆ. ಆ ಗಾಯಕ್ಕೆ ಅರಿಸಿನ ಮೆತ್ತಂಗಿಲ್ಲ, ನೆಗ್ಡಿಯವ್ರು ಸುಳಿಯಂಗಿಲ್ಲ. ನಂಜಾದ್ರೆ ಮಾತ್ರೆ ಕಮ್ಮಿ ಮಾಡ್ಬೇಕಾಯ್ತದೆ. ಆಗ ಮೈ ನಿಮ್ ಕಿಡ್ನಿನ ಕೆಡಿಸಾಕ್ತದೆ. ಮತ್ತೆ ಕೊಡಾಕೆ ನಿಮ್ತಾವ ಐತಾ?

ಹೊಂಬಾಳಮ್ಮ ಸೊಂಟ ಮುಟ್ಟಿ ನೋಡಿಕೊಂಡಳು. ಉಳಿದಿರುವುದು ಒಂದೇ. ಸೆರಗಿನಿಂದ ಮೂಗು ಮುಚ್ಚಿಕೊಂಡು, ಜಗಲಿ ಇಳಿದು, ಗೇಟಿನ ಆಚೆ ಕಲ್ಲಿನ ಮೇಲೆ ಹೋಗಿ ಕೂತಳು. ನಾಗರತ್ನ ಬಾಗಿಲು ಬಿಡಲಿಲ್ಲ.

ಅಷ್ಟರಲ್ಲಿ ಎದುರು ಮನೆಯ ಅಂಕಯ್ಯ ಬ್ರೆಡ್ಡು, ಮೂಸಂಬಿ ಹಿಡಿದು ಬಂದ.

ಅಂಕಯ್ಯ: ಲಿಂಗರಾಜುನ ನೋಡ್ಕಂಡು ಓಗವಾ ಅಂತ.

ನಾಗರತ್ನ ಬಾಯಿ ತೆರೆಯುವ ಮೊದಲೇ ಹೊಂಬಾಳಮ್ಮ ಎದ್ದು ಗೇಟಿಗೆ ಅಡ್ಡ ನಿಂತಳು.

ಹೊಂಬಾಳಮ್ಮ: ಕಿಡ್ನಿ ಕೊಟ್ಟೋಳ್ಗೇ ಒಳೀಕೆ ದಾರಿಲ್ಲ, ನೀನ್ಯಾವೂರ ದಾಸಯ್ಯ? ಬ್ರೆಡ್ಡು ಇಲ್ಲಿ ಕೊಟ್ಟೋಗು. ಕುಯ್ಸ್ಕಂಡೋಳು ನಾನೂವೆ, ನನ್ನ ನೋಡಾಕೆ ಒಬ್ರೂ ಬಂದಿಲ್ಲ.