ಬಾಲದ ಚಕ್ರ

ರಜೆಯ ದಿನ ಬೆಳಿಗ್ಗೆ ಮಿಲಿಮೀಟರನ ಚಿಮಟದಿಂದ ವಿಮಾನದ ಚಕ್ರವೊಂದು ಚಂಗನೆ ಹಾರಿ ಮಾಯವಾಯಿತು.

ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಇವನಿಗೆ ಆ ಹೆಸರಿಟ್ಟದ್ದು ಕಟ್ಟಡದ ಜನ. ಎದುರಿಗೆ ಮಾತ್ರ ‘ಸಾರ್’ ಅನ್ನುತ್ತಿದ್ದರು. ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬರುವ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಪುಟ್ಟ ವಿಮಾನ ಮಾಡುವುದು ಇವನ ಹುಚ್ಚು. ನಿಜವಾದ ವಿಮಾನದ ಫೋಟೋ ಪಕ್ಕದಲ್ಲಿಟ್ಟುಕೊಂಡು, ರೆಕ್ಕೆ ಕೂದಲೆಳೆಯಷ್ಟು ಓರೆಯಾದರೂ ಕಿತ್ತು, ಉಜ್ಜಿ, ಮತ್ತೆ ಅಂಟಿಸುತ್ತಿದ್ದ. ಅಂಗಡಿಯ ಸಿದ್ಧ ಆಟಿಕೆ ವಿಮಾನ ಕಂಡರೆ ಮುಖ ಸಿಂಡರಿಸುತ್ತಿದ್ದ. ಕಪಾಟಿನ ತುಂಬ ಇವನ ವಿಮಾನಗಳೇ. ನೋಡಲು ಮಾತ್ರ ಯಾರೂ ಬಂದವರಿಲ್ಲ. ಒಂಟಿತನ ಕಿತ್ತು ತಿನ್ನುತ್ತಿತ್ತು, ಹೇಳಿಕೊಳ್ಳಲು ಸಂಕೋಚ.

ಹಾರಿದ್ದು ಬಾಲದ ಕೆಳಗಿನ ಚಕ್ರ, ಮೆಣಸಿನ ಕಾಳಿನಷ್ಟು. ಅಂಟಿನ ಘಾಟು ಹೋಗಲೆಂದು ಬಾಗಿಲು ತೆರೆದಿತ್ತು. ಅಂಬೆಗಾಲಿಟ್ಟು ಹುಡುಕುತ್ತಿದ್ದವನನ್ನು ಪಕ್ಕದ ಮನೆಯ ಟೈಲರ್ ಹಣಕಿ ನೋಡಿದವನೇ ಕೂಗಿದ: “ಅಕ್ಕಾ, ಬೇಗ ಬನ್ನಿ, ಸಾರ್ ಬಿದ್ದುಬಿಟ್ಟಿದಾರೆ.”

ಕೆಳಮನೆಯ ನರ್ಸಕ್ಕ ಓಡಿ ಬಂದು, ಅವನು ಬಾಯಿ ತೆರೆಯುವ ಮೊದಲೇ ನಾಡಿ ಹಿಡಿದಳು. ಹಿಂದೆಯೇ ಬಂದ ಎದುರುಮನೆಯ ಬಸ್ ಡ್ರೈವರ್ ಅವನನ್ನು ಮೂಟೆಯಂತೆ ಎತ್ತಿ ಕುರ್ಚಿಗೆ ಹಾಕಿದ.

“ನಂಗೇನೂ ಆಗಿಲ್ಲ. ಒಂದು ಚಕ್ರ ಬಿದ್ದುಹೋಗಿದೆ,” ಎಂದ ಮಿಲಿಮೀಟರ್.

“ತಲೆಗೇ ಪೆಟ್ಟು ಬಿದ್ದಿದೆ,” ಎಂದಳು ನರ್ಸಕ್ಕ.

ವಿಮಾನ ತೋರಿಸಿದ ಮೇಲೆ ಮೂವರೂ ನೆಲಕ್ಕಿಳಿದರು. ಟೈಲರ್ ಸೂಜಿ ಹುಡುಕುವ ಅಯಸ್ಕಾಂತ ತಂದ.

“ಅದು ಪ್ಲಾಸ್ಟಿಕ್ಕು ಕಣಪ್ಪ.”

“ಇರ್ಲಿ ಸಾರ್, ಒಂದು ಕೈ ನೋಡೇಬಿಡೋಣ.”

ಡ್ರೈವರ್ ಕಪಾಟು ಸರಿಸಲು ಹೋಗಿ ಎರಡು ವಿಮಾನಗಳನ್ನು ಮೂಗು ಕೆಳಗಾಗಿ ನೆಲಕ್ಕಿಳಿಸಿದ. “ಬಸ್ಸಾಗಿದ್ರೆ ಬ್ರೇಕ್ ಹಾಕ್ತಿದ್ದೆ,” ಎಂದ. ಬೇರೆ ದಿನವಾಗಿದ್ದರೆ ಮಿಲಿಮೀಟರನಿಗೆ ಜ್ವರ ಬರುತ್ತಿತ್ತು. ಇಂದು ನಕ್ಕುಬಿಟ್ಟ. ಎಲ್ಲರಿಗೂ ಚಹಾ ಮಾಡಿದ. ಮನೆಯಲ್ಲಿದ್ದದ್ದು ಒಂದೇ ಲೋಟ; ಸರದಿಯ ಮೇಲೆ ಕುಡಿದರು.

ಕುಡಿದು ನೆಲಕ್ಕಿಟ್ಟ ಲೋಟ ಎತ್ತಿಕೊಳ್ಳಲು ಬಗ್ಗಿದಾಗ ಮಿಲಿಮೀಟರನಿಗೆ ತನ್ನ ಪ್ಯಾಂಟಿನ ಮಡಿಕೆಯೊಳಗೆ ಚಕ್ರ ಕಂಡಿತು.

‘ಸಿಕ್ತು’ ಎನ್ನಲು ತಿರುಗಿದ. ಮೂವರೂ ನೆಲದ ಮೇಲೆ ಕಾಲು ಚಾಚಿ ಕೂತು, ಕಪಾಟಿನಲ್ಲಿ ಯಾವ ವಿಮಾನ ಚೆಂದವೆಂದು ವಾದಕ್ಕಿಳಿದಿದ್ದರು. ಹೇಳಿದರೆ ಎದ್ದು ಹೋಗುತ್ತಾರೆ. ಚಕ್ರವನ್ನು ಮೆಲ್ಲಗೆ ಜೇಬಿಗೆ ಇಳಿಬಿಟ್ಟ.

“ಪಾಪ, ಸಾರ್ ಮುಖ ನೋಡ್ರೋ,” ಎಂದಳು ನರ್ಸಕ್ಕ. “ನಾಳೆ ಮತ್ತೆ ಬಂದು ಹುಡುಕೋಣ.”

“ಸಿಗೋವರೆಗೂ ಬಿಡಲ್ಲ,” ಎಂದ ಡ್ರೈವರ್.

ಅವರು ಹೋದದ್ದೇ ತಡ, ಮಿಲಿಮೀಟರ್ ಪೇಟೆಗೆ ಓಡಿ ಇನ್ನೂ ಮೂರು ಲೋಟ ಕೊಂಡ. ನಾಡಿದ್ದು ಏನು ಕಳೆಯುವುದೆಂದು ದಾರಿಯಲ್ಲೇ ಯೋಚಿಸಿಕೊಂಡ.

ಮರಳಿದಾಗ ಮೂವರೂ ಬಾಗಿಲಲ್ಲೇ ನಿಂತಿದ್ದರು. ಟೈಲರ್ ಕೈಯಲ್ಲಿ ಬಣ್ಣದ ಪೆಟ್ಟಿಗೆ.

“ನಿಮ್ಮ ಸಂಕಟ ನೋಡಕ್ಕಾಗ್ಲಿಲ್ಲ ಸಾರ್. ಎಲ್ಲಾ ಸೇರಿ ತಂದ್ವಿ. ಪೂರ್ತಿ ರೆಡಿ ವಿಮಾನ, ಒಂದು ತುಂಡೂ ಕಳಚಲ್ಲ.”

“ಇನ್ನು ಹುಡುಕೋ ತಾಪತ್ರಯಾನೇ ಇಲ್ಲ,” ಎಂದಳು ನರ್ಸಕ್ಕ.

“ಒಳಗೆ ಬನ್ನಿ, ಚಹಾ ಕುಡಿದು...”

“ಇನ್ನೊಂದಿನ ಬರ್ತೀವಿ ಸಾರ್,” ಎಂದು ಡ್ರೈವರ್ ತನ್ನ ಮನೆಯ ಬೀಗ ತೆಗೆದ. ಉಳಿದವರೂ ತಮ್ಮ ತಮ್ಮ ಮನೆ ಸೇರಿಕೊಂಡರು.

ಮಿಲಿಮೀಟರ್ ನಾಲ್ಕು ಲೋಟಗಳನ್ನು ಸಾಲಾಗಿ ಇಟ್ಟು, ಆಟಿಕೆಯನ್ನು ಬೆಳಕಿಗೆ ಹಿಡಿದ. ರೆಕ್ಕೆ ಗಿಡ್ಡ, ಮೂಗು ದಪ್ಪ, ಕಿಟಕಿಗಳು ಬರೀ ಬಣ್ಣ. ಆಸೆಯಿಂದ ಬಾಲದ ಚಕ್ರ ಹಿಡಿದು ಜಗ್ಗಿದ. ಹಲ್ಲಿನಿಂದಲೂ ಎಳೆದ. ಅದು ಅಲುಗಲಿಲ್ಲ. ಇಷ್ಟು ಗಟ್ಟಿ ಕೆಲಸವನ್ನು ಅವನು ಜನ್ಮದಲ್ಲೇ ಕಂಡಿರಲಿಲ್ಲ.