ಗ್ರೈಂಡರಿಗೆ ಒಂದು ದಿನದ ರಜೆ

ಪರೀಕ್ಷೆಯ ವಿಷಯದಲ್ಲಿ ನನ್ನೆದುರು ಯಾರೂ ಬಾಲ ಬಿಚ್ಚುವಂತಿಲ್ಲ. ತಿಪಟೂರಿನ ಪ್ರೌಢಶಾಲೆಯಲ್ಲಿ ತಂದೆಯನ್ನೂ ಪಾಸು ಮಾಡಿಸಿ, ಆಮೇಲೆ ಅವನ ಮಗನನ್ನೂ ಪಾಸು ಮಾಡಿಸಿದ ನರಹರಿ ಮೇಷ್ಟ್ರು ನಾನು. ನಿವೃತ್ತನಾದ ಮೇಲೆ, ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ಹೆಂಡತಿ ಸುಲೋಚನಾಳ ವರ್ಗಾವಣೆಯ ಹಿಂದೆಯೇ ವಿಶಾಖಪಟ್ಟಣದ ಮಧುರವಾಡಕ್ಕೆ ಬಂದಿದ್ದೇನೆ. ಅಂಥ ನನಗೆ ಒಂದು ಬಾಡಿಗೆ ಮನೆಯನ್ನು ಕರೆಂಟಿನ ಪರೀಕ್ಷೆಯಲ್ಲಿ ಪಾಸು ಮಾಡಿಸುವುದು ಯಾವ ಮಹಾ ಕೆಲಸ!

ಪರೀಕ್ಷೆ ಇಟ್ಟವರು ಮನೆಯೊಡತಿ ಗಿರಿಜಮ್ಮ. ಅವರಿರುವುದು ವಿಜಯವಾಡದಲ್ಲಿ. ನಮ್ಮ ಮನೆಯೂ ಎದುರು ಬಾಗಿಲಿನ ರಾಮಮೋಹನ್ ಮನೆಯೂ ಅವರವೇ. ಅಲ್ಲಿನ ಆಟೋನಗರದಲ್ಲಿ ಅವರ ತಮ್ಮನ ವರ್ಕ್‌ಶಾಪಿನಲ್ಲಿ ಹಳೆಯ ವೈರೊಂದು ಹೊತ್ತಿಕೊಂಡಿತಂತೆ. ಯಾರಿಗೂ ಏನೂ ಆಗಲಿಲ್ಲ. ಗಿರಿಜಮ್ಮನವರ ನಿದ್ದೆ ಮಾತ್ರ ಹೋಯಿತು. ತೆಲುಗು ಮರ್ಯಾದೆಯ 'ಗಾರು', 'ಅಂಡಿ'ಗಳ ಸಮೇತ ಫೋನಿನಲ್ಲೇ ಶಾಸನ ಹೊರಡಿಸಿದರು.

"ಮಾಸ್ಟಾರು ಗಾರೂ, ಶನಿವಾರ ಇಂಜಿನಿಯರಮ್ಮ ಬಂದು ಚೆಕ್ ಮಾಡ್ತಾರೆ. ಗೋಡೆಯೊಳಗಿನ ವೈರು ಕೆಟ್ಟಿದ್ದರೆ ಖರ್ಚು ನಂದು. ನಿಮ್ಮ ಸಾಮಾನು ಕೆಟ್ಟಿದ್ದು, ಅದನ್ನೇ ಬಳಸ್ತಾ ಇದ್ದರೆ ಈ ಸಲ ಅಗ್ರಿಮೆಂಟು ಇಲ್ಲ. ಬೇರೆ ಮನೆ ನೋಡ್ಕೋಬೇಕು ಅಂಡಿ."

ಸುಲೋಚನಾ ನನ್ನ ಕಡೆ ತಿರುಗಿದಳು. "ಬ್ರಾಂಚಿಗೆ ನಡೆದುಕೊಂಡೇ ಹೋಗಬಹುದಾದ ಮನೆ. ಸಮುದ್ರದ ಗಾಳಿ ಬೇರೆ. ಇದು ಕೈತಪ್ಪಿದರೆ ಮುಂದಿನ ಮನೆ ನೀವೇ ಹುಡುಕಿ, ಸಾಮಾನೂ ನೀವೇ ಕಟ್ಟಿ. ಮೊದಲು ಆ ಗ್ರೈಂಡರನ್ನ ಗುಜರಿಗೆ ಹಾಕಿ."

"ಗ್ರೈಂಡರಿಗೆ ಏನಾಗಿದೆ?"

"ಮುಟ್ಟಿದರೆ ಜುಮ್ ಅನ್ನುತ್ತೆ."

"ಅದು ನಿನ್ನ ನರದ ವೀಕ್ನೆಸ್ಸು. ಬಿ-ಕಾಂಪ್ಲೆಕ್ಸ್ ತಗೋ."

ಗುಜರಿಗೆ ಹಾಕುವುದೇ! ನಮ್ಮ ಜೊತೆ ಊರೂರು ಸುತ್ತಿದ ಜೀವ ಅದು. ನನಗೆ ನಮ್ಮ ಹಳೆಯ ಹೆಡ್‌ಮಾಸ್ತರರ ನೆನಪಾಯಿತು. ಶಾಲೆಗೆ ಇನ್‌ಸ್ಪೆಕ್ಟರು ಬರುವ ದಿನ, ಮಗ್ಗಿ ಬಾರದ ಒಂದಿಬ್ಬರು ಹುಡುಗರಿಗೆ ಅವರೇ ಪ್ರೀತಿಯಿಂದ ರಜೆ ಕೊಡುತ್ತಿದ್ದರು. ಆ ಹುಡುಗರು ಹುಣಸೆಮರದ ಕೆಳಗೆ ಕೂತು ಕಡಲೆಕಾಯಿ ತಿನ್ನುತ್ತಿದ್ದರು; ಇತ್ತ ತರಗತಿ ಫಳಫಳ ಹೊಳೆಯುತ್ತಿತ್ತು. ಆ ಪುಣ್ಯಾತ್ಮರ ವಿದ್ಯೆಯನ್ನು ಉಳಿಸಿಕೊಳ್ಳುವುದು ಶಿಷ್ಯನ ಧರ್ಮವಲ್ಲವೇ?

ಅದು ಎರಡನೇ ಶನಿವಾರ, ಬ್ಯಾಂಕಿಗೆ ರಜ. ರಾಮಮೋಹನ್ ಅಚ್ಯುತಾಪುರಂ ಕಾರ್ಖಾನೆಗೆ ಹೋಗಿದ್ದ. ಅವನ ಹೆಂಡತಿ ಪದ್ಮಾ ನಮ್ಮವಳ ಜೊತೆ ರೈತು ಬಜಾರಿಗೆ ಹೊರಟವಳು, "ಅಣ್ಣಯ್ಯಾ, ಗ್ಯಾಸಿನವನು ಬಂದರೆ ಸಿಲಿಂಡರ್ ಇಡಿಸಿ" ಎಂದು ಬೀಗದ ಕೈ ಕೊಟ್ಟಳು. ಯಜಮಾನ ಮನೆಯಲ್ಲಿಲ್ಲದ ಮೇಲೆ ಅವರ ಮನೆಯ ಪರೀಕ್ಷೆ ಹೇಗೂ ಭಾನುವಾರವೇ ಎಂದು ನಾನು ತೀರ್ಮಾನಿಸಿಬಿಟ್ಟೆ. ಅವರಿಬ್ಬರ ಚಪ್ಪಲಿ ಸದ್ದು ಮೆಟ್ಟಿಲಲ್ಲಿ ಅಡಗಿದ್ದೇ ತಡ, ದಡ್ಡ ವಿದ್ಯಾರ್ಥಿಗಳ ಮೆರವಣಿಗೆ ಹೊರಟಿತು. ಮೊದಲು ಗ್ರೈಂಡರು. ಅದರ ಹಿಂದೆ, ಮೈತುಂಬ ಟೇಪು ಸುತ್ತಿಕೊಂಡ ಇಸ್ತ್ರಿಪೆಟ್ಟಿಗೆ. ಕೊನೆಗೆ, ಬಕೆಟ್ಟಿನ ನೀರಿಗಿಂತ ಬೇಗ ಬಕೆಟ್ಟನ್ನೇ ಕಾಯಿಸುವ ರಾಡು. ಮೂವರನ್ನೂ ಪದ್ಮಾಳ ಅಡುಗೆಮನೆಯಲ್ಲಿ ಕೂರಿಸಿ ಬೀಗ ಹಾಕಿದೆ.

ಇಂಜಿನಿಯರಮ್ಮ ಹಿಮಬಿಂದು ಮೀಟರು ಹಿಡಿದು ಬಂದಳು. ನನ್ನ ತೆಲುಗೆಂದರೆ ಕನ್ನಡಕ್ಕೆ 'ಅಂಡಿ' ಅಂಟಿಸಿದ ಭಾಷೆ. ಅದರಲ್ಲೇ ಸ್ವಾಗತ ಕೋರಿದೆ. ವೈರಿಂಗ್ ಚೆನ್ನಾಗಿದೆ ಎಂದು ಆಕೆ ತಲೆದೂಗಿದಳು. ಅಡುಗೆಮನೆಗೆ ಬಂದು ಸುತ್ತ ನೋಡಿದಳು.

"ಗ್ರೈಂಡರ್ ಇಲ್ಲವಾ ಅಂಡಿ?"

"ಇಲ್ಲ. ನಮ್ಮದು ಸರಳ ಜೀವನ."

ಅವಳ ದೃಷ್ಟಿ ಒಲೆಯ ಮೇಲಿನ ಇಡ್ಲಿ ಪಾತ್ರೆಗೆ ಹೋಯಿತು. "ಇಸ್ತ್ರಿಪೆಟ್ಟಿಗೆ?"

"ಅದೂ ಇಲ್ಲ."

ಅವಳು ನನ್ನ ಅಂಗಿಯ ಕತ್ತಿಯಂಥ ಗೆರೆಯನ್ನು ನೋಡಿದಳು. ಪಾಸು ಎಂದು ಬರೆದಳು. ಬಾಗಿಲು ದಾಟಿ ಕೈ ಚಾಚಿದಳು.

"ಎದುರು ಮನೆಯ ಕೀ ನಿಮ್ಮಲ್ಲಿದೆಯಂತೆ, ಕೊಡಿ. ಎರಡೂ ಇವತ್ತೇ ಅಂತ ಗಿರಿಜಮ್ಮ ಗಾರು ಹೇಳಿದ್ದಾರೆ."

"ಅವರು ಮನೆಯಲ್ಲಿಲ್ಲವಲ್ಲ."

"ಕೀ ನಿಮ್ಮ ಜೇಬಿನಿಂದ ನೇತಾಡ್ತಾ ಇದೆ ಮಾಸ್ಟಾರೂ."

ಪದ್ಮಾಳ ಅಡುಗೆಮನೆಯಲ್ಲಿ ಆಕೆ ಗ್ರೈಂಡರಿನ ಪ್ಲಗ್ಗು ಹಾಕಿದ್ದೇ ತಡ, ಟಪ್ ಎಂದು ಇಡೀ ಮನೆಯ ಕರೆಂಟು ಹೋಯಿತು. ಇಸ್ತ್ರಿಪೆಟ್ಟಿಗೆಯನ್ನೂ ರಾಡನ್ನೂ ಆಕೆ ಮೀಟರಿನಲ್ಲಿ ನೋಡಿ, ಹಾವಾಡಿಗನ ಬುಟ್ಟಿ ಮುಚ್ಚುವವಳಂತೆ ದೂರ ಸರಿಸಿದಳು. ನಾನು ಏನಾದರೂ ಹೇಳುವ ಮೊದಲೇ ವಿಜಯವಾಡಕ್ಕೆ ಫೋನು ಹೋಗಿತ್ತು, ಅದೂ ಸ್ಪೀಕರಿನಲ್ಲಿ. ಅದೇ ಹೊತ್ತಿಗೆ ತರಕಾರಿ ಚೀಲ ಹಿಡಿದು ಹೆಂಗಸರಿಬ್ಬರೂ ಒಳಗೆ ಬಂದರು.

"ಪದ್ಮಾ, ಇಂಥ ಸಾಮಾನು ಇಟ್ಟುಕೊಂಡವರಿಗೆ ನನ್ನ ಮನೆ ಇಲ್ಲಮ್ಮಾ" ಎಂದಿತು ಫೋನು, ಅವಳ ದನಿ ಕೇಳಿದ್ದೇ ತಡ.

"ಅಮ್ಮಾ, ಇವು ನಮ್ಮವಲ್ಲ."

"ಎಲ್ಲರೂ ಹಾಗೇ ಹೇಳ್ತಾರೆ."

"ಮಗಳ ಸ್ಕೂಲು ಇಲ್ಲೇ ಪಕ್ಕದಲ್ಲಿದೆ. ಈಗ ಎಲ್ಲಿಗೆ ಹೋಗಲಿ?" ಎಂದಳು ಪದ್ಮಾ. ಅವಳು ನನ್ನತ್ತ ನೋಡಿದಳು, ಅಣ್ಣಯ್ಯನಾದರೂ ತನ್ನ ಪರವಾಗಿ ಒಂದು ಮಾತು ಆಡಲಿ ಎಂದು. ನಾನು ಬಾಯಿ ತೆರೆದೆ. "ಗ್ಯಾಸಿನವನು ಇನ್ನೂ ಬಂದಿಲ್ಲಮ್ಮಾ" ಎಂದೆ.

ಆಗ ಹಿಮಬಿಂದು ಗ್ರೈಂಡರಿನ ಪಾತ್ರೆಯ ಬಳಿ ಬಗ್ಗಿದಳು. ನನ್ನ ಅತ್ತೆಯವರು ಮಗಳಿಗೆ ಕೊಡುವಾಗ ಅದರ ಮೇಲೆ ಹೆಸರು ಕೊರೆಸಿದ್ದರು. ಕನ್ನಡದಲ್ಲಿದ್ದರೇನು, ತೆಲುಗು ಬಲ್ಲವರಿಗೆ ನಮ್ಮ ಲಿಪಿ ದಾಯಾದಿ ತಾನೇ?

"ಸು… ಲೋ… ಚ… ನಾ" ಎಂದು ಓದಿದಳು.

ಉಳಿದದ್ದನ್ನು ನಾನೇ ಒಪ್ಪಿಕೊಂಡೆ. ಹೆಡ್‌ಮಾಸ್ತರರಿಂದ ಹಿಡಿದು ಹುಣಸೆಮರದವರೆಗೆ ಎಲ್ಲವನ್ನೂ ಹೇಳಿದೆ.

"ಅಂದರೆ ಇವು ಕೆಟ್ಟಿವೆ ಅಂತ ನಿಮಗೆ ಮೊದಲೇ ಗೊತ್ತಿತ್ತು" ಎಂದಿತು ಫೋನು.

"ಗೊತ್ತಿತ್ತು ಅಂಡಿ."

ಸುಲೋಚನಾ ಚೀಲವನ್ನು ಮೆಲ್ಲನೆ ಕೆಳಗಿಟ್ಟಳು. "ಹಾಗಾದರೆ ನನ್ನ ನರಕ್ಕೆ ಏನೂ ಆಗಿರಲಿಲ್ಲ."

ಕರೆಂಟಿಲ್ಲದ ಆ ಅಡುಗೆಮನೆಯಲ್ಲಿ ನನಗೆ ಶಾಕ್ ಹೊಡೆಯಿತು.

ಗಿರಿಜಮ್ಮ ತೀರ್ಪು ಓದಿದರು. "ಪದ್ಮಾ, ನಿನ್ನ ಮನೆ ನಿನಗೇ. ಮಾಸ್ಟಾರು ಗಾರೂ, ಹೇಳಿದ ಮಾತು ಮಾತೇ. ನಿಮಗೆ ಮನೆ ಇಲ್ಲ. ಆದರೆ ಸುಲೋಚನಾ ಗಾರು ಏನು ತಪ್ಪು ಮಾಡಿದ್ದಾರೆ? ಈ ಸಲ ಅಗ್ರಿಮೆಂಟು ಆಕೆಯ ಹೆಸರಲ್ಲಿ ಬರೀತೀನಿ. ಮನೆಯಲ್ಲಿ ಯಾರನ್ನ ಇಟ್ಕೋಬೇಕು ಅನ್ನೋದು ಆಕೆಯ ಇಷ್ಟ."

ಎಲ್ಲರೂ ಸುಲೋಚನಾಳ ಕಡೆ ತಿರುಗಿದರು. ಫಲಿತಾಂಶದ ದಿನ ನೋಟಿಸ್ ಬೋರ್ಡಿನ ಮುಂದೆ ಹುಡುಗರು ಹೇಗೆ ನಿಲ್ಲುತ್ತಿದ್ದರೆಂದು ನನಗೆ ಅಂದು ತಿಳಿಯಿತು.

"ಆರು ತಿಂಗಳು ಪ್ರೊಬೇಷನ್ ಮೇಲೆ ಇಟ್ಕೋತೀನಿ ಅಮ್ಮಾ" ಎಂದಳು ಅವಳು, ಬ್ಯಾಂಕಿನ ದನಿಯಲ್ಲಿ. "ಕೆಲಸ ನೋಡಿ ಆಮೇಲೆ ಕನ್ಫರ್ಮ್ ಮಾಡೋಣ."

ಮೊನ್ನೆಗೆ ಆರು ತಿಂಗಳು ತುಂಬಿತು. ಒರಳಿನಲ್ಲಿ ಹಿಟ್ಟು ರುಬ್ಬಿ, ಕೈ ತೊಳೆದುಕೊಂಡು, ವಿನಯದಿಂದ ವಿಚಾರಿಸಿದೆ.

"ಎಕ್ಸ್‌ಟೆಂಡ್ ಮಾಡಿದೀನಿ" ಎಂದಳು.