ಮಾವ ಬರೆಯುವುದಿಲ್ಲ, ಕಂಪೋಸ್ ಮಾಡುತ್ತಾರೆ

ನನ್ನ ಸೋದರಮಾವ ಜೀವಮಾನದಲ್ಲಿ ಒಂದಕ್ಷರವನ್ನೂ ಬರೆದವರಲ್ಲ ಎಂದರೆ ನೀವು ಅವರನ್ನು ನಿರಕ್ಷರಿ ಎಂದುಕೊಂಡೀರಿ. ಖಂಡಿತ ಅಲ್ಲ! ಮುಂಬೈ ಪಕ್ಕದ ಡೊಂಬಿವಲಿಯ ಅವರ ಮನೆಯಲ್ಲಿ ಕಪಾಟು ತೆರೆದರೆ ಮೈಮೇಲೆ ಬೀಳುವುದು ಬಟ್ಟೆಯಲ್ಲ, ಅವರ ಕಾಗದಗಳು. ಆದರೆ ಅವೆಲ್ಲ ‘ಬರೆದದ್ದು’ ಅಂತೀರೋ, ಮುಗಿಯಿತು ನಿಮ್ಮ ಕಥೆ. ಅರ್ಜಿಯನ್ನು ಅವರು ಡ್ರಾಫ್ಟ್ ಮಾಡುತ್ತಾರೆ. ಸಂತಾಪಪತ್ರವನ್ನು ಪೆನ್ ಮಾಡುತ್ತಾರೆ. ಹೌಸಿಂಗ್ ಸೊಸೈಟಿಯ ನಿಯಮಗಳನ್ನು ಫ್ರೇಮ್ ಮಾಡುತ್ತಾರೆ. ಪದ್ಯವನ್ನಂತೂ ಕಂಪೋಸ್ ಮಾಡುತ್ತಾರೆ.

“ಹಾಗಾದ್ರೆ ಬರೆಯುದು ಯಾರು ಮಾವ?” ಎಂದು ಒಮ್ಮೆ ಕೇಳಿದ್ದೆ.

“ಹಾಲಿನವ ಬರೆಯುದು, ಮಾರಾಯ್ತಿ. ಕ್ಯಾಲೆಂಡರಿನಲ್ಲಿ, ಅರ್ಧ ಲೀಟರ್ ಅಂತ!”

ಮೂವತ್ತು ವರ್ಷ ಯಾವುದೋ ಆಫೀಸಿನಲ್ಲಿ ಸ್ಟೆನೋ ಆಗಿ ಇನ್ನೊಬ್ಬರ ಮಾತನ್ನು ಟೈಪ್ ಮಾಡಿದವರು ಅವರು. ಸ್ವಂತದ ಮಾತು ಸಿಕ್ಕಿದ ಮೇಲೆ ಅದಕ್ಕೆ ಇಷ್ಟು ಮರ್ಯಾದೆ ಕೊಡದಿದ್ದರೆ ಹೇಗೆ? ಒಂದು ದಪ್ಪ ರಿಜಿಸ್ಟರ್ ಇಟ್ಟಿದ್ದಾರೆ. ಕೃತಿ, ಸಂದರ್ಭ, ಕರ್ತೃ ಎಂಬ ಮೂರು ಕಾಲಂ ಆದ ಮೇಲೆ ನಾಲ್ಕನೆಯದು, ಅದನ್ನು ಏನು ಮಾಡಿದ್ದು ಎಂಬುದಕ್ಕೆ. ಆ ನಾಲ್ಕನೆಯದಕ್ಕೆ ತಕ್ಕ ಇಂಗ್ಲಿಷ್ ಶಬ್ದ ಹುಡುಕುವುದರಲ್ಲಿ, ಕೃತಿಗೆ ಹಿಡಿದ ಸಮಯದ ಎರಡು ಪಟ್ಟು ಹೋಗುತ್ತದೆ.

ಒಮ್ಮೆ ಸೊಸೈಟಿಯಲ್ಲಿ ನೀರಿನ ಟ್ಯಾಂಕ್ ತೊಳೆಸುವುದಿತ್ತು. ಒಂದು ನೋಟಿಸ್ ಬೇಕೆಂದರು. ಮಾವ ಮೂರು ದಿನ ಡ್ರಾಫ್ಟ್ ಮಾಡಿದರು. ಪಂಚಭೂತಗಳಿಂದ ಶುರುವಾದ ನೋಟಿಸು ಎರಡನೇ ಪುಟಕ್ಕೆ ಬಂದರೂ ನಲ್ಲಿಯವರೆಗೆ ತಲುಪಿರಲಿಲ್ಲ. ಸೆಕ್ರೆಟರಿ ಕೈಮುಗಿದು, “ಕಾಕಾ, ಪಾಣೀ ಕಧೀ ಬಂದ್ ರಾಹಣಾರ್, ತೇವಢಂಚ್ ಲಿಹಾ ನಾ!” ಎಂದ. ನೀರು ಯಾವಾಗ ಬಂದ್ ಎಂಬಷ್ಟನ್ನೇ ಬರೆಯಿರಿ ಅಂತ. ಲಿಹಾ! ಮಾವನಿಗೆ ‘ಬರೆಯಿರಿ’ ಎನ್ನುವುದೇ? ನೋಟಿಸು ಬೋರ್ಡಿಗೆ ಬರುವ ಹೊತ್ತಿಗೆ ಟ್ಯಾಂಕು ತೊಳೆದು, ತುಂಬಿ, ಜನ ಸ್ನಾನವನ್ನೂ ಮುಗಿಸಿದ್ದರು.

ಇನ್ನೊಂದು ಕಾಟವೆಂದರೆ ಅವರಿಗೆ ಕೂತಲ್ಲಿ ಪದ್ಯ ಬರುವುದಿಲ್ಲ. ಲೋಕಲ್ ರೈಲು ಚಲಿಸಬೇಕು, ಇವರು ಬಾಗಿಲ ಹತ್ತಿರದ ಕಂಬ ಹಿಡಿದು ನಿಂತಿರಬೇಕು. ಸೀಟು ಖಾಲಿ ಇದ್ದರೂ ಕೂರುವುದಿಲ್ಲ. ಕಲ್ಯಾಣ ಸ್ಟೇಶನ್ನಿಗೆ ಹೋಗಿ ಒಂದು ಚರಣ, ಠಾಣೆಗೆ ತಿರುಗಿ ಬಂದು ಇನ್ನೊಂದು. ಕಳವಾ ದಾಟಿ ಖಾಡಿಯ, ಅಂದರೆ ಹಿನ್ನೀರಿನ, ಸೇತುವೆ ಬಂದರೆ ಪ್ರಾಸ ಸಿಕ್ಕಿತೆಂದೇ ಲೆಕ್ಕ!

“ಕೊತ್ತಂಬರಿ ಸೊಪ್ಪು ತನ್ನಿ ಅಂತ ಕಳಿಸಿದ್ದು,” ಎಂದು ಅತ್ತೆ ಹೇಳುವುದುಂಟು. “ಬದಲಾಪುರದಿಂದ ಫೋನು. ಎರಡು ಪದ್ಯ ಆಯ್ತಂತೆ. ಸಾರಿಗೆ ಪದ್ಯ ಹಾಕ್ಲಾ ನಾನು?”

ಪದ್ಯ ಎಂದರೆ ಮದುವೆಯ ಪದ್ಯ. ವಧೂವರರನ್ನು ಪದ್ಯದಲ್ಲಿ ಹರಸಿ, ಗುಲಾಬಿ ಕಾಗದದಲ್ಲಿ ಅಚ್ಚು ಹಾಕಿಸಿ, ಮಂಟಪದಲ್ಲಿ ಓದಿ ಹಂಚುವ ಪದ್ಧತಿ ನಮ್ಮ ಕರಾವಳಿಯವರಲ್ಲಿ ಇತ್ತು. ಊರಲ್ಲಿ ಅದು ಎಂದೋ ನಿಂತಿತು. ಇಲ್ಲಿ ಮಾವ ಒಬ್ಬರೇ ಅದನ್ನು ಬದುಕಿಸಿಟ್ಟಿದ್ದಾರೆ. ಕರೆದವರ ಮದುವೆಗೂ ಸೈ, ಕರೆಯುವುದನ್ನು ಮರೆತವರ ಮದುವೆಗೂ ಸೈ! ಸೀವುಡ್ಸ್‌ನ ಹಾಲೊಂದರಲ್ಲಿ ಒಮ್ಮೆ ಲಿಫ್ಟ್ ತಪ್ಪಾಗಿ ಎರಡನೇ ಮಹಡಿಯ ಬದಲು ಮೂರಕ್ಕೆ ಹೋದರು. ಅಲ್ಲಿದ್ದದ್ದು ಗುಜರಾತಿ ಮದುವೆ. ಮಾವ ಮೈಕು ಹಿಡಿದು ಹನ್ನೆರಡು ಚರಣವನ್ನು ರಾಗವಾಗಿ ಹೇಳಿಯೇ ಬಿಟ್ಟರು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಹುಡುಗಿಯ ಅಜ್ಜಿ ಕಣ್ಣೊರೆಸಿಕೊಂಡರು. ಕೆಳಗೆ ನಮ್ಮವರ ಮದುವೆಯಲ್ಲಿ ಅದನ್ನೇ ಓದುವಾಗ ಕೇಳಿದವರು ಮೂವರು. ಉಳಿದವರು ಊಟಕ್ಕೆ ಹೋಗಿದ್ದರು.

“ಕಂಪೋಸಿಶನ್ನಿನ ಬೆಲೆ ಗೊತ್ತಿರುದು ಮೂರನೇ ಮಾಳಿಗೆಯವರಿಗೆ ಮಾತ್ರ,” ಎಂದು ಮಾವ ಈಗಲೂ ಹೇಳುತ್ತಾರೆ.

ಇಂಥವರ ಒಬ್ಬಳೇ ಮಗಳು ಅನಘಾಳ ಮದುವೆ ನಿಶ್ಚಯವಾಯಿತು. ಹುಡುಗ ಬದಲಾಪುರದ ಮರಾಠಿಯವನು, ಒಳ್ಳೆಯವನು. ಊರ ಮಕ್ಕಳಿಗೆಲ್ಲ ಪದ್ಯ ಕಟ್ಟಿದ ಮಾವ ಸ್ವಂತ ಮಗಳಿಗೆ ಎಂಥದ್ದು ಕಟ್ಟಿಯಾರು ಎಂದು ನಾವೆಲ್ಲ ಕಾದೆವು. ಬರಲೇ ಇಲ್ಲ! ಒಂದು ತಿಂಗಳಿಡೀ ಮನುಷ್ಯ ಕಲ್ಯಾಣ–ಠಾಣೆ ನಡುವೆ ಓಡಾಡಿದ್ದೇ ಓಡಾಡಿದ್ದು. ಮನೆಯಲ್ಲೂ ನಿಂತಲ್ಲಿ ನಿಲ್ಲಲಿಲ್ಲ. ಬಾಲ್ಕನಿಯಿಂದ ಅಡುಗೆಮನೆಗೆ, ಅಲ್ಲಿಂದ ಮತ್ತೆ ಬಾಲ್ಕನಿಗೆ. ಒಂದು ಸಾಲು ಗೀಚುವುದು, ಹರಿಯುವುದು.

“ಪಪ್ಪಾ, ಟೆನ್ಶನ್ ಮತ್ ಲೋ. ಕುಛ್ ಭೀ ಲಿಖ್ ದೋ,” ಎಂದಳು ಅನಘಾ.

ಏನಾದರೂ ಬರೆದುಬಿಡು! ಬೇರೆ ದಿನವಾದರೆ ಇದಕ್ಕೊಂದು ಭಾಷಣವಾಗುತ್ತಿತ್ತು. ಆ ದಿನ ಮಾವ ಸುಮ್ಮನೆ ಚಪ್ಪಲಿ ಮೆಟ್ಟಿ ಸ್ಟೇಶನ್ನಿಗೆ ನಡೆದರು. ಅತ್ತೆ ನನ್ನನ್ನು ಹಿಂದೆಯೇ ಅಟ್ಟಿದರು.

ರೈಲಿನಲ್ಲಿ ಖಾಡಿಯ ಸೇತುವೆ ಬಂತು, ಹೋಯಿತು. ಪ್ರಾಸ ಸಿಗಲಿಲ್ಲ.

“ಅವಳಿಗೆ ನನ್ನ ಕನ್ನಡ ಅರ್ಥ ಆಗ್ತದೆ,” ಎಂದರು ಮಾವ, ಹೊರಗೆ ನೋಡುತ್ತಾ. “ನಾನು ಕನ್ನಡದಲ್ಲಿ ಕೇಳಿದ್ರೆ ಅವಳು ಹಿಂದಿಯಲ್ಲಿ ಹೇಳ್ತಾಳೆ. ಇಪ್ಪತ್ತು ವರ್ಷ ಆಯ್ತು. ನಾನು ಓದಿ ಮುಗಿಸ್ತೇನೆ, ಅವಳು ‘ಥ್ಯಾಂಕ್ಯೂ ಪಪ್ಪಾ’ ಅಂತಾಳೆ. ಅಷ್ಟೇ ಅಲ್ವಾ? ಅದು ನೆನಪಾದ್ರೆ ಕೈ ಓಡುದಿಲ್ಲ ಮಾರಾಯ್ತಿ.”

ನನಗೂ ತಮಾಷೆ ಮಾಡಬೇಕೆನಿಸಲಿಲ್ಲ.

ಮದುವೆ ಠಾಣೆಯ ಒಂದು ಹಾಲ್‌ನಲ್ಲಿ. ಧಾರೆಯಾಯಿತು. ಯಾರೋ ಎಂದಿನಂತೆ ಮೈಕಿನಲ್ಲಿ, ಈಗ ವಧುವಿನ ತಂದೆಯವರ ಪದ್ಯ ಎಂದು ಘೋಷಿಸಿಯೇ ಬಿಟ್ಟರು. ಮಾವ ಎದ್ದರು. ಕೈಯಲ್ಲಿ ಗುಲಾಬಿ ಕಾಗದವಿತ್ತು. ಅದರಲ್ಲಿ ಏನೂ ಇರಲಿಲ್ಲ, ಅದು ನನಗೂ ಅತ್ತೆಗೂ ಮಾತ್ರ ಗೊತ್ತಿತ್ತು. ಬಾಯಿ ತೆರೆದರು, ಮುಚ್ಚಿದರು, ಕನ್ನಡಕ ಒರೆಸಿಕೊಂಡರು. ನನಗೆ ಅಳುವೇ ಬಂತು.

ಅನಘಾ ಹಾರ ಸರಿಸಿಕೊಂಡು ಬಂದು ಮೈಕು ತೆಗೆದುಕೊಂಡಳು. ಅಪ್ಪನ ಮುಖ ನೋಡುತ್ತಾ, ಪುಟ್ಟ ಮಗುವಿನ ರಾಗದಲ್ಲಿ, ಕನ್ನಡದಲ್ಲಿ ಹೇಳಿದಳು:

“ಗೇಟಿನ ಒಳಗೆ ಅಳುತೇನೆ ನಾನು.”

ಮಾವನ ಬಾಯಿ ತಾನಾಗಿ ತೆರೆಯಿತು:

“ಗೇಟಿನ ಹೊರಗೆ ನಿಲ್ಲುತೇನೆ ನಾನು.”

“ಗಂಟೆ ಹೊಡೆದರೆ ಬರ್ತೀಯಾ ನೀನು?”

“ಗಂಟೆಗೆ ಮೊದಲೇ ಬರ್ತೇನೆ ನಾನು.”

ಬಾಲವಾಡಿಗೆ ಹೋಗುವುದಿಲ್ಲವೆಂದು ಹಟ ಮಾಡುತ್ತಿದ್ದ ಮಗಳನ್ನು ಸ್ಟೇಶನ್ನಿನ ಸೇತುವೆ ಮೇಲೆ ನಡೆಸಿಕೊಂಡು ಹೋಗುವಾಗ ಇಬ್ಬರೂ ಕೂಡಿ ಕಟ್ಟಿದ್ದಂತೆ ಅದು. ಒಂದು ಸಾಲು ಅವಳದು, ಒಂದು ಇವರದು. ರಿಜಿಸ್ಟರಿನಲ್ಲಿ ಅದಕ್ಕೆ ಜಾಗವೇ ಸಿಕ್ಕಿರಲಿಲ್ಲ. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದು ಇದನ್ನೆಲ್ಲ ಹೇಳುತ್ತಿದ್ದರೆ ಬದಲಾಪುರದ ಬೀಗರು ಒಂದಕ್ಷರ ಅರ್ಥವಾಗದೆಯೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಊಟವಾದ ಮೇಲೆ ಮಾವ ಚೀಲದಿಂದ ರಿಜಿಸ್ಟರ್ ತೆಗೆದು, ಕುರ್ಚಿಯಲ್ಲಿ ಕೂತೇ ಆ ನಾಲ್ಕು ಸಾಲು ಇಳಿಸಿದರು. ಕರ್ತೃವಿನ ಕಾಲಂನಲ್ಲಿ ಮಗಳ ಹೆಸರು ಮೊದಲು, ತಮ್ಮದು ಆಮೇಲೆ. ನಾಲ್ಕನೇ ಕಾಲಂಗೆ ಬಂದಾಗ ಪೆನ್ನು ನಿಂತಿತು.

“ಕಂಪೋಸ್ಡ್ ಅಂತ ಹಾಕಿ ಮಾವ,” ಎಂದೆ.

“ಛೆ, ಅದಲ್ಲ,” ಎಂದು ಖಾಲಿ ಬಿಟ್ಟು ಮುಚ್ಚಿದರು.

ಮದುಮಗಳನ್ನು ಕಳಿಸುವ ಹೊತ್ತಾಯಿತು. ಮಾವ ಎಲ್ಲೂ ಕಾಣಲಿಲ್ಲ. ಮತ್ತೆ ರೈಲು ಹತ್ತಿದರೋ ಎಂದು ಅತ್ತೆ ಗಾಬರಿಯಾದರು. ಮೆಟ್ಟಿಲಿಳಿದು ಹೋಗಿ ನೋಡಿದರೆ, ಕಾರು ಬರುವುದಕ್ಕೆ ಎಷ್ಟೋ ಮೊದಲೇ ಅವರು ಗೇಟಿನ ಹೊರಗೆ ಹೋಗಿ, ಅಲುಗಾಡದೆ ನಿಂತಿದ್ದರು.